ಚಾಂಪಿಯನ್ ಆದರೂ ಮನೆತನಕ್ಕೆ ಸೇರದ ಇಂಡಿಯಾನಾ: ಅಮೆರಿಕದ ಕಾಲೇಜು ಫುಟ್‌ಬಾಲಿನ ಹಿರಿಯರ ಪಟ್ಟಿ ಹೇಗೆ ಹುಟ್ಟಿತು, ಏಕೆ ಬದಲಾಗುವುದಿಲ್ಲ

2026ರ ಜನವರಿ 19ರಂದು ಫ್ಲಾರಿಡಾದ ಹಾರ್ಡ್ ರಾಕ್ ಸ್ಟೇಡಿಯಂನಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ತಂಡ ಮಯಾಮಿ ವಿಶ್ವವಿದ್ಯಾಲಯದ ತಂಡವನ್ನು 27-21ರಿಂದ ಮಣಿಸಿ ಅಮೆರಿಕದ ಕಾಲೇಜು ಫುಟ್‌ಬಾಲಿನ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ಋತುವಿನಲ್ಲಿ ಅದು ಆಡಿದ್ದು 16 ಪಂದ್ಯ, ಗೆದ್ದಿದ್ದೂ 16. ಉನ್ನತ ಮಟ್ಟದಲ್ಲಿ ಹೀಗೆ ಹದಿನಾರಕ್ಕೆ ಹದಿನಾರನ್ನೂ ಗೆದ್ದ ಹಿಂದಿನ ತಂಡವನ್ನು ಹುಡುಕಿಕೊಂಡು ಹೊರಟರೆ 1894ರ ಯೇಲ್‌ವರೆಗೆ ಹೋಗಬೇಕಾಗುತ್ತದೆ. ಇದೇ ಇಂಡಿಯಾನಾ 2023ರಲ್ಲಿ 12 ಪಂದ್ಯಗಳಲ್ಲಿ 9ನ್ನು ಸೋತಿತ್ತು. ಈ ಆಟದ ಇತಿಹಾಸದಲ್ಲಿ ಅತಿ ಹೆಚ್ಚು ಸೋಲುಗಳನ್ನು ಕಂಡ ತಂಡಗಳ ಸಾಲಿನಲ್ಲಿ ಅದರ ಹೆಸರಿತ್ತು. ತರಬೇತುದಾರ ಕರ್ಟ್ ಸಿಗ್ನೆಟ್ಟಿ ಬಂದ ಮೇಲೆ ಎರಡೇ ಋತುಗಳಲ್ಲಿ ಅದು ತುದಿ ಮುಟ್ಟಿತು, ಅದರ ದಾಳಿಯನ್ನು ಮುನ್ನಡೆಸುತ್ತಿದ್ದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಸಾ ವರ್ಷದ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹೈಸ್‌ಮನ್ ಟ್ರೋಫಿಯನ್ನೂ ಪಡೆದ. ಇಷ್ಟಾದರೂ ಇಂಡಿಯಾನಾವನ್ನು ಈ ಆಟದ ಹಿರಿಯ ಮನೆತನಗಳ ಸಾಲಿಗೆ ಸೇರಿಸಬೇಕೆಂದು ಯಾರೂ ಗಂಭೀರವಾಗಿ ವಾದಿಸುತ್ತಿಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಚಾಂಪಿಯನ್ ಪಟ್ಟ ಕಾಣದ ನೋಟರ್ ಡೇಮ್ ಮಾತ್ರ ಆ ಸಾಲಿನಲ್ಲಿ ನಿಶ್ಚಿಂತೆಯಿಂದ ಕುಳಿತಿದೆ.

ಅಮೆರಿಕದ ಅಭಿಮಾನಿಗಳು ‘ಬ್ಲೂ ಬ್ಲಡ್’ ಎಂದು ಕರೆಯುವ ಈ ಪಟ್ಟಿಯನ್ನು ಯಾವ ಸಂಸ್ಥೆಯೂ ಅಧಿಕೃತವಾಗಿ ಪ್ರಕಟಿಸಿಲ್ಲ. ಆದರೂ ಯಾರನ್ನು ಕೇಳಿದರೂ ಹೆಚ್ಚುಕಡಿಮೆ ಅವೇ ಎಂಟು ಹೆಸರುಗಳು ಬರುತ್ತವೆ: ನೋಟರ್ ಡೇಮ್, ಮಿಷಿಗನ್, ಒಹಾಯೊ ಸ್ಟೇಟ್, ಅಲಬಾಮಾ, ಒಕ್ಲಹೋಮಾ, ಟೆಕ್ಸಸ್, ಸದರ್ನ್ ಕ್ಯಾಲಿಫೋರ್ನಿಯಾ ಮತ್ತು ನೆಬ್ರಾಸ್ಕಾ. ಪೆನ್ ಸ್ಟೇಟ್, ಟೆನೆಸಿ, ಜಾರ್ಜಿಯಾ, ಎಲ್.ಎಸ್.ಯು. (ಲೂಯಿಸಿಯಾನಾ ಸ್ಟೇಟ್) ಮುಂತಾದವು ಹೊಸ್ತಿಲಲ್ಲಿ ನಿಂತಿವೆ. ಅವುಗಳ ಬಗ್ಗೆ ವಾಗ್ವಾದ ನಡೆಯುತ್ತದೆ ಎಂಬುದೇ ಅವು ಇನ್ನೂ ಒಳಗಿಲ್ಲ ಎಂಬುದಕ್ಕೆ ಸಾಕ್ಷಿ. ಈ ಆಟದ ಪರಿಚಯವಿಲ್ಲದವರಿಗೆ ಒಂದು ಮಾತು ಹೇಳಬೇಕು. ಇದು ನಾವು ಫುಟ್‌ಬಾಲ್ ಎಂದು ಕರೆಯುವ ಆಟವಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಸಾಲನ್ನು ಭೇದಿಸುವ ಅಮೆರಿಕನ್ ಫುಟ್‌ಬಾಲ್. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆಡುವ ಈ ಪಂದ್ಯಗಳಿಗೆ ಒಂದು ಶನಿವಾರ ಲಕ್ಷ ಜನ ಸೇರುವುದು ಅಲ್ಲಿ ಸಾಮಾನ್ಯ ಸಂಗತಿ. ಆ್ಯನ್ ಆರ್ಬರ್, ಕೊಲಂಬಸ್, ಆಸ್ಟಿನ್‌ಗಳಿಗೆ ಎಂ.ಎಸ್. ಓದಲು ಹೋದ ನಮ್ಮ ಹುಡುಗ ಹುಡುಗಿಯರು ಮೊದಲ ಸೆಮಿಸ್ಟರಿನಲ್ಲೇ ಕಂಡು ಬೆರಗಾಗುವ ದೃಶ್ಯ ಅದು. ಪಂದ್ಯದ ದಿನ ಊರಿನ ರಸ್ತೆ, ಹೋಟೆಲು, ಗ್ರಂಥಾಲಯದ ವೇಳಾಪಟ್ಟಿಗಳೆಲ್ಲ ಆಟಕ್ಕೆ ಶರಣಾಗುತ್ತವೆ.

ಹಿರಿತನಕ್ಕೆ ಸಾಮಾನ್ಯವಾಗಿ ಮುಂದಿಡುವ ಮೊದಲ ಅಳತೆಗೋಲು ಗೆಲುವಿನ ಲೆಕ್ಕ. ಮಿಷಿಗನ್ 2023ರ ನವೆಂಬರಿನಲ್ಲಿ ಸಾವಿರ ಗೆಲುವು ಮುಟ್ಟಿದ ಮೊದಲ ತಂಡವಾಯಿತು. ಒಹಾಯೊ ಸ್ಟೇಟ್, ಅಲಬಾಮಾ, ನೋಟರ್ ಡೇಮ್, ಟೆಕ್ಸಸ್, ಒಕ್ಲಹೋಮಾ, ನೆಬ್ರಾಸ್ಕಾಗಳು 900 ದಾಟಿವೆ. ಆದರೆ 900 ದಾಟಿದ ಪೆನ್ ಸ್ಟೇಟ್ ಹೊಸ್ತಿಲಲ್ಲೇ ಇದೆ, 900 ಮುಟ್ಟದ ಸದರ್ನ್ ಕ್ಯಾಲಿಫೋರ್ನಿಯಾ ಒಳಗಿದೆ. ಚಾಂಪಿಯನ್ ಪಟ್ಟಗಳ ಲೆಕ್ಕ ಇನ್ನೂ ಜಾರುವ ನೆಲ. ಈ ಆಟದ ಅತ್ಯುನ್ನತ ವಿಭಾಗಕ್ಕೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಮಂಡಳಿಯಾದ ಎನ್.ಸಿ.ಎ.ಎ. ಎಂದೂ ತಾನೇ ಚಾಂಪಿಯನ್‌ಶಿಪ್ ನಡೆಸಿಲ್ಲ. 1936ರಿಂದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಪತ್ರಕರ್ತರು, ಮುಂದೆ ತರಬೇತುದಾರರು ಮತ ಹಾಕಿ ಯಾರು ಮೊದಲಿಗರೆಂದು ಹೇಳುತ್ತಿದ್ದರು. ಎರಡು ಮತದಾನಗಳು ಎರಡು ಹೆಸರು ಹೇಳಿದ ವರ್ಷಗಳೂ ಇವೆ. 1997ರಲ್ಲಿ ಪತ್ರಕರ್ತರಿಗೆ ಮಿಷಿಗನ್ ಚಾಂಪಿಯನ್ ಆಗಿದ್ದರೆ ತರಬೇತುದಾರರಿಗೆ ನೆಬ್ರಾಸ್ಕಾ ಚಾಂಪಿಯನ್ ಆಗಿತ್ತು. ಯಾವ ವರ್ಷದ ಪಟ್ಟವನ್ನು ತನ್ನದೆಂದು ಸಾರಿಕೊಳ್ಳಬೇಕೆಂಬುದನ್ನು ಆಯಾ ವಿಶ್ವವಿದ್ಯಾಲಯವೇ ನಿರ್ಧರಿಸುತ್ತದೆ. ಅಲಬಾಮಾ ತನ್ನ ಲೆಕ್ಕದಲ್ಲಿ 1941ನ್ನೂ ಸೇರಿಸಿಕೊಂಡಿದೆ. ಆ ವರ್ಷ ಅದು ಎರಡು ಪಂದ್ಯ ಸೋತಿತ್ತು, ಪತ್ರಕರ್ತರ ಪಟ್ಟಿಯಲ್ಲಿ 20ನೇ ಸ್ಥಾನದಲ್ಲಿತ್ತು. ಪಟ್ಟಗಳೇ ಮಾನದಂಡವಾಗಿದ್ದರೆ 1934ರಿಂದ 1941ರ ನಡುವೆ ಐದು ಬಾರಿ ದೇಶದ ಅಗ್ರಸ್ಥಾನಕ್ಕೇರಿದ ಮಿನ್ನೆಸೋಟ ಇಂದು ಆ ಎಂಟರ ಪಕ್ಕ ಕೂರಬೇಕಿತ್ತು, 1983ರಿಂದ 2001ರ ನಡುವೆ ಐದು ಪಟ್ಟ ಗೆದ್ದ ಮಯಾಮಿಯೂ ಕೂರಬೇಕಿತ್ತು.

ನನಗೆ ತೋರುವಂತೆ, ಹಿರಿಯ ತಂಡ ಯಾವುದು ಎಂಬುದು ತಿಳಿಯುವುದು ಅದು ಗೆಲ್ಲುವಾಗ ಅಲ್ಲ, ಸೋಲುವಾಗ. ಸಾಮಾನ್ಯ ತಂಡ ಸತತವಾಗಿ ಸೋತರೆ ಪ್ರೇಕ್ಷಕರು ತೆಳುವಾಗುತ್ತಾರೆ, ಟಿವಿ ವಾಹಿನಿ ಅದರ ಪಂದ್ಯವನ್ನು ಅಪ್ರಮುಖ ಹೊತ್ತಿಗೆ ತಳ್ಳುತ್ತದೆ, ಪ್ರತಿಭಾವಂತ ಹೈಸ್ಕೂಲು ಹುಡುಗರು ಬೇರೆ ಕಡೆ ಮುಖ ಮಾಡುತ್ತಾರೆ, ಹಣ ಕೊಡುವವರು ಕೈ ಹಿಂದಕ್ಕೆಳೆಯುತ್ತಾರೆ. ಹೀಗೆ ಒಂದು ಸೋಲು ಮುಂದಿನ ಸೋಲಿಗೆ ಹಾದಿ ಮಾಡಿಕೊಡುತ್ತದೆ. ಹಿರಿಯ ಮನೆತನದಲ್ಲಿ ಈ ಸರಪಳಿ ಎಲ್ಲೋ ಒಂದು ಕಡೆ ಕಡಿದುಹೋಗಿರುತ್ತದೆ.

ಇದಕ್ಕೆ ನೆಬ್ರಾಸ್ಕಾಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿಲ್ಲ. ಬಯಲುಸೀಮೆಯ ಮಧ್ಯದ, ಇಪ್ಪತ್ತು ಲಕ್ಷದಷ್ಟು ಜನಸಂಖ್ಯೆಯ ಈ ರಾಜ್ಯದಲ್ಲಿ ದೊಡ್ಡ ಲೀಗಿನ ವೃತ್ತಿಪರ ತಂಡವೊಂದೂ ಇಲ್ಲ. ಶ್ರೇಷ್ಠ ಆಟಗಾರರನ್ನು ಗೊಂಚಲು ಗೊಂಚಲಾಗಿ ಕೊಡುವ ಹೈಸ್ಕೂಲುಗಳೂ ಇಲ್ಲ. 1962ರಲ್ಲಿ ಬಾಬ್ ಡೆವಾನಿ ತರಬೇತುದಾರರಾಗಿ ಬಂದರು, 1970 ಮತ್ತು 1971ರ ಪಟ್ಟ ತಂದರು. 1973ರಲ್ಲಿ ಟಾಮ್ ಓಸ್ಬೋರ್ನ್‌ಗೆ ಹೊಣೆ ವಹಿಸಿದರು. ಓಸ್ಬೋರ್ನ್ 25 ಋತುಗಳಲ್ಲಿ 255 ಪಂದ್ಯ ಗೆದ್ದು, 1994, 1995 ಮತ್ತು 1997ರ ಪಟ್ಟಗಳೊಂದಿಗೆ ನಿವೃತ್ತರಾದರು. 1969ರಿಂದ 2001ರವರೆಗೆ ಒಂದು ವರ್ಷವೂ ತಪ್ಪದಂತೆ ನೆಬ್ರಾಸ್ಕಾ ಕನಿಷ್ಠ ಒಂಬತ್ತು ಪಂದ್ಯ ಗೆದ್ದಿತು. ಇದರ ಹಿಂದೆ ನಿರ್ದಿಷ್ಟವಾದ ಕೆಲಸದ ಕ್ರಮವಿತ್ತು. 1969ರಲ್ಲೇ ಆಟಗಾರರ ದೇಹಬಲಕ್ಕಾಗಿ ಬಾಯ್ಡ್ ಎಪ್ಲಿ ಎಂಬ ಪ್ರತ್ಯೇಕ ತರಬೇತುದಾರರನ್ನು ನೇಮಿಸಿಕೊಂಡಿದ್ದರು, ಇತರರು ಅದರ ಮಹತ್ವ ಕಂಡುಕೊಳ್ಳುವ ಮೊದಲೇ. ವಿದ್ಯಾರ್ಥಿವೇತನವಿಲ್ಲದೆ ಸ್ವಂತ ಖರ್ಚಿನಲ್ಲಿ ತಂಡ ಸೇರುವ ರಾಜ್ಯದ ರೈತಾಪಿ ಹುಡುಗರನ್ನು ನಾಲ್ಕೈದು ವರ್ಷ ಪಳಗಿಸಿ ಸಾಲಿಗೆ ನಿಲ್ಲಿಸುತ್ತಿದ್ದರು.

ಆಮೇಲೆ ಒಂದೊಂದೇ ಆಧಾರ ಕುಸಿಯಿತು. ಕಾಲೇಜು ತಂಡಗಳು ಒಕ್ಕೂಟಗಳಾಗಿ ಸೇರಿ ಬಹುಪಾಲು ತಮ್ಮೊಳಗೇ ಆಡುತ್ತವೆ; 1996ರಲ್ಲಿ ಹುಟ್ಟಿದ ಅಂಥ ಬಿಗ್ 12 ಒಕ್ಕೂಟದಲ್ಲಿ ಅಧಿಕಾರದ ಕೇಂದ್ರ ಟೆಕ್ಸಸ್ ಕಡೆಗೆ ಸರಿಯಿತು, ಒಕ್ಲಹೋಮಾ ವಿರುದ್ಧ ಪ್ರತಿ ವರ್ಷ ನಡೆಯುತ್ತಿದ್ದ ಪಂದ್ಯ ನಿಂತಿತು. 2003ರಲ್ಲಿ ಒಂಬತ್ತು ಪಂದ್ಯ ಗೆದ್ದ ತರಬೇತುದಾರ ಫ್ರ್ಯಾಂಕ್ ಸೋಲಿಚ್‌ರನ್ನು, ಅಷ್ಟು ಸಾಲದೆಂದು ಹೊರಹಾಕಿದರು. 2011ರಲ್ಲಿ ತಂಡ ಬಿಗ್ ಟೆನ್ ಒಕ್ಕೂಟಕ್ಕೆ ವಲಸೆ ಹೋಯಿತು. ಒಕ್ಕೂಟದ ಪಟ್ಟ ಕೊನೆಯ ಬಾರಿ ಸಿಕ್ಕಿದ್ದು 1999ರಲ್ಲಿ. 2017ರಿಂದ 2023ರವರೆಗೆ ಸತತ ಏಳು ಋತು ಗೆಲುವಿಗಿಂತ ಸೋಲೇ ಹೆಚ್ಚು. ಬೇರೆ ಯಾವ ಊರಿನಲ್ಲಾದರೂ ಇಷ್ಟು ಹೊತ್ತಿಗೆ ಕ್ರೀಡಾಂಗಣದ ಅರ್ಧ ಆಸನಗಳಿಗೆ ಟಾರ್ಪಾಲು ಹೊದಿಸುತ್ತಿದ್ದರು. ಲಿಂಕನ್ ನಗರದ ಮೆಮೋರಿಯಲ್ ಸ್ಟೇಡಿಯಂನಲ್ಲಿ ಮಾತ್ರ 1962ರ ನವೆಂಬರಿನಿಂದ ಇಂದಿನವರೆಗೆ ನಡೆದ ಪ್ರತಿ ಪಂದ್ಯದ ಟಿಕೆಟ್ಟೂ ಮಾರಾಟವಾಗಿದೆ. ಆ ಸರಣಿ 400 ದಾಟಿದೆ. ಕೊನೆಯ ವರ್ಷಗಳಲ್ಲಿ ದಾನಿಗಳು ಉಳಿದ ಟಿಕೆಟ್ಟುಗಳನ್ನು ಕೊಂಡು ಸರಣಿಯನ್ನು ಕಾಪಾಡಿದ್ದಾರೆ ಎಂಬ ಟೀಕೆಯಿದೆ. ಆ ಟೀಕೆ ನಿಜವಾದರೂ ನನ್ನ ವಾದಕ್ಕೆ ಬಲ ಬರುತ್ತದೆಯೇ ಹೊರತು ಕುಂದಾಗುವುದಿಲ್ಲ: ಸೋಲುವ ತಂಡದ ಖಾಲಿ ಆಸನ ಕಾಣಿಸಬಾರದೆಂದು ಕೈಯಿಂದ ಹಣ ಹಾಕುವ ಜನ ಎಷ್ಟು ತಂಡಗಳಿಗಿದ್ದಾರೆ?

ಉಳಿದವರ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 2007ರ ಏಪ್ರಿಲಿನಲ್ಲಿ, ದಶಕದ ಹಿನ್ನಡೆಯ ಬಳಿಕ ತರಬೇತುದಾರ ನಿಕ್ ಸೇಬನ್ ಅಲಬಾಮಾಕ್ಕೆ ಬಂದಾಗ, ತಂಡ ತನ್ನೊಳಗೇ ಆಡುವ ಅಭ್ಯಾಸ ಪಂದ್ಯಕ್ಕೆ 92,000 ಜನ ಸೇರಿದ್ದರು. ಅವರಿಗೆ ಎಂಟು ವರ್ಷಕ್ಕೆ 3.2 ಕೋಟಿ ಡಾಲರ್ ಕೊಡಲು ವಿಶ್ವವಿದ್ಯಾಲಯ ಒಪ್ಪಿದ್ದು ಆ ಜನರ ಬಲದಿಂದಲೇ. ಅವರು ಅಲ್ಲಿ ಆರು ಪಟ್ಟ ಗೆದ್ದರು. ಟೆಕ್ಸಸ್ 2010ರ ದಶಕದ ಬಹುಪಾಲು ಎಡವುತ್ತಲೇ ಇತ್ತು, 2021ರಲ್ಲಿ ಸ್ವಂತ ಅಂಗಳದಲ್ಲಿ ದುರ್ಬಲ ಕ್ಯಾನ್ಸಸ್‌ಗೂ ಸೋತಿತು. ಅದೇ ಅವಧಿಯಲ್ಲಿ ಅದರ ಕ್ರೀಡಾ ವಿಭಾಗದ ವಾರ್ಷಿಕ ಆದಾಯ 20 ಕೋಟಿ ಡಾಲರ್ ದಾಟಿ ದೇಶದಲ್ಲೇ ಮುಂಚೂಣಿಯಲ್ಲಿತ್ತು. ಮಿಷಿಗನ್ 2008ರಲ್ಲಿ 12ರಲ್ಲಿ 9 ಪಂದ್ಯ ಸೋತಾಗಲೂ ಅದರ ಕ್ರೀಡಾಂಗಣದಲ್ಲಿ ಲಕ್ಷಕ್ಕಿಂತ ಕಡಿಮೆ ಜನ ಸೇರಲಿಲ್ಲ. ಕೋವಿಡ್ ಕಾಲದ ಬೀಗವನ್ನು ಬಿಟ್ಟರೆ 1975ರಿಂದ ಅಲ್ಲಿನ ಲೆಕ್ಕ ಹಾಗೆಯೇ ಇದೆ.

ಹಾಗಾದರೆ ಈ ಬಲ ಎಲ್ಲಿಂದ ಬಂತು? ಇಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿಯಿದೆ. ಆ ಎಂಟು ತಂಡಗಳೂ ಇಂದು ಆಡುವ ಕ್ರೀಡಾಂಗಣಗಳು ಒಂದೇ ದಶಕದಲ್ಲಿ ನೆಲೆಗೊಂಡಂಥವು. ಒಹಾಯೊ ಸ್ಟೇಟ್‌ನದು 1922, ನೆಬ್ರಾಸ್ಕಾದ್ದು ಮತ್ತು ಒಕ್ಲಹೋಮಾದ್ದು 1923, ಸದರ್ನ್ ಕ್ಯಾಲಿಫೋರ್ನಿಯಾ ಆಡುವ ಲಾಸ್ ಏಂಜಲೀಸ್ ಕೊಲಿಸಿಯಂ ಕೂಡ 1923, ಟೆಕ್ಸಸ್‌ನದು 1924, ಮಿಷಿಗನ್‌ನದು 1927, ಅಲಬಾಮಾದ್ದು 1929, ನೋಟರ್ ಡೇಮ್‌ನದು 1930. ಮೊದಲ ಮಹಾಯುದ್ಧದ ಬಳಿಕದ ಸಂಪತ್ತು, ಮೋಟಾರು ಕಾರು, ಪತ್ರಿಕೆಗಳ ಕ್ರೀಡಾ ಪುಟ ಮತ್ತು ಹೊಸದಾಗಿ ಬಂದ ರೇಡಿಯೊ ಸೇರಿ ಕಾಲೇಜು ಫುಟ್‌ಬಾಲನ್ನು ದೇಶದ ದೊಡ್ಡ ಮನರಂಜನೆಯನ್ನಾಗಿ ಮಾಡಿದ ಕಾಲ ಅದು. ವೃತ್ತಿಪರ ಫುಟ್‌ಬಾಲ್ ಆಗಿನ್ನೂ ಕಡೆಗಣಿತ ಆಟವಾಗಿತ್ತು. ಹಾಗೆಂದು ಕಾಂಕ್ರೀಟಿನ ಆಸನಸಾಲುಗಳೇ ಮನೆತನವನ್ನು ಕಟ್ಟಲಿಲ್ಲ. ಇಲಿನಾಯ್, ಸ್ಟ್ಯಾನ್‌ಫರ್ಡ್, ಮಿನ್ನೆಸೋಟಗಳೂ ಅದೇ ದಶಕದಲ್ಲಿ ಭಾರಿ ಕ್ರೀಡಾಂಗಣ ಕಟ್ಟಿದವು. ಯೇಲ್ 1914ರಲ್ಲೇ ಎಪ್ಪತ್ತು ಸಾವಿರ ಆಸನಗಳನ್ನು ಕಟ್ಟಿ ಎಲ್ಲರಿಗೂ ಮಾದರಿಯಾಗಿತ್ತು. ವ್ಯತ್ಯಾಸವಾದದ್ದು ಆ ಆಸನಗಳಲ್ಲಿ ಕುಳಿತ ಜನ ತಂಡದಲ್ಲಿ ಏನನ್ನು ಕಂಡರು ಎಂಬುದರಲ್ಲಿ.

ನೋಟರ್ ಡೇಮ್ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಎಂಬ ಊರಿನ ಸಣ್ಣ ಕ್ಯಾಥೊಲಿಕ್ ವಿದ್ಯಾಸಂಸ್ಥೆಯಾಗಿತ್ತು. ಬಿಗ್ ಟೆನ್ ಸೇರುವ ಅದರ ಯತ್ನ ಕೈಗೂಡದ ಕಾರಣ ಎದುರಾಳಿಗಳನ್ನು ಹುಡುಕಿಕೊಂಡು ದೇಶವೆಲ್ಲ ಸುತ್ತಬೇಕಾಯಿತು. ಆ ಅಲೆದಾಟವೇ ಅದಕ್ಕೆ ವರವಾಯಿತು. 1918ರಿಂದ 1930ರವರೆಗೆ ತಂಡವನ್ನು ನಡೆಸಿದ ನ್ಯೂಟ್ ರಾಕ್ನಿ 105 ಗೆದ್ದು 12 ಮಾತ್ರ ಸೋತರು. ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂನಲ್ಲಿ ಸೇನಾ ಅಕಾಡೆಮಿಯ ವಿರುದ್ಧದ ವಾರ್ಷಿಕ ಪಂದ್ಯ, ಆ ನಗರದ ಐರಿಷ್, ಇಟಾಲಿಯನ್, ಪೋಲಿಷ್ ವಲಸಿಗರಿಗೆ ಜಾತ್ರೆಯಾಯಿತು. ಆ ವಿಶ್ವವಿದ್ಯಾಲಯದ ಮೆಟ್ಟಿಲನ್ನೇ ತುಳಿಯದ, ಬಹುಶಃ ಯಾವ ಕಾಲೇಜಿನ ಮೆಟ್ಟಿಲನ್ನೂ ತುಳಿಯದ ಕೂಲಿಕಾರರು ಅದನ್ನು ತಮ್ಮ ತಂಡವೆಂದುಕೊಂಡರು, ಏಕೆಂದರೆ ಕ್ಯಾಥೊಲಿಕರನ್ನು ಅನುಮಾನದಿಂದ ನೋಡುತ್ತಿದ್ದ ದೇಶದಲ್ಲಿ ಅದು ಅವರ ಪರವಾಗಿ ಗೆಲ್ಲುತ್ತಿತ್ತು. 1926ರ ಹೊಸ ವರ್ಷದ ದಿನ ಕ್ಯಾಲಿಫೋರ್ನಿಯಾದಲ್ಲಿ ನಡೆಯುವ ಆಹ್ವಾನ ಪಂದ್ಯವಾದ ರೋಸ್ ಬೌಲ್‌ನಲ್ಲಿ ಅಲಬಾಮಾ ವಾಷಿಂಗ್ಟನ್ ತಂಡವನ್ನು 20-19ರಿಂದ ಸೋಲಿಸಿದಾಗ, ಅಂತರ್ಯುದ್ಧದಲ್ಲಿ ಸೋತು ಬಡವಾಗಿದ್ದ ಇಡೀ ದಕ್ಷಿಣ ಅದನ್ನು ತನ್ನ ಗೆಲುವೆಂದು ಕೊಂಡಾಡಿತು. ಒಕ್ಲಹೋಮಾದ ವಿಷಯ ಇನ್ನೂ ನೇರವಾದದ್ದು. ಧೂಳಿನ ಬರಗಾಲದಲ್ಲಿ ಗುಳೆ ಎದ್ದ ರಾಜ್ಯವೆಂಬ ಹೆಸರು ಅದಕ್ಕೆ ಅಂಟಿತ್ತು. ಎರಡನೇ ಮಹಾಯುದ್ಧ ಮುಗಿದೊಡನೆ ಆ ಅವಮಾನವನ್ನು ಅಳಿಸಲು ದೊಡ್ಡ ಫುಟ್‌ಬಾಲ್ ತಂಡ ಕಟ್ಟುವುದೆಂದು ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಬುದ್ಧಿಪೂರ್ವಕವಾಗಿಯೇ ನಿಶ್ಚಯಿಸಿತು. ತರಬೇತುದಾರ ಬಡ್ ವಿಲ್ಕಿನ್ಸನ್ 1953ರಿಂದ 1957ರವರೆಗೆ ಸತತ 47 ಪಂದ್ಯ ಗೆದ್ದುಕೊಟ್ಟರು. ಆ ದಾಖಲೆ ಇಂದಿಗೂ ಮುರಿದಿಲ್ಲ.

ಗೆಲ್ಲುವ ತಂಡ ಒಂದು ಜನಸಮುದಾಯದ ಪ್ರತಿನಿಧಿಯಾಗಿ ನಿಂತರೆ ಮಾತ್ರ ನೆನಪು ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ. ಮಿನ್ನೆಸೋಟ ಕಳೆದುಕೊಂಡದ್ದು ಇದನ್ನೇ. 1961ರಲ್ಲಿ ಆ ರಾಜ್ಯಕ್ಕೆ ವೃತ್ತಿಪರ ಬೇಸ್‌ಬಾಲ್ ಮತ್ತು ಫುಟ್‌ಬಾಲ್ ತಂಡಗಳೆರಡೂ ಒಟ್ಟಿಗೆ ಬಂದವು. ಜನರ ಭಾನುವಾರ ತುಂಬಿತು, ಶನಿವಾರ ಬರಿದಾಯಿತು. 1982ರಲ್ಲಿ ವಿಶ್ವವಿದ್ಯಾಲಯ ತನ್ನ ಹಳೆಯ ಇಟ್ಟಿಗೆಯ ಕ್ರೀಡಾಂಗಣ ಬಿಟ್ಟು ನಗರದ ಮುಚ್ಚಿದ ಮೆಟ್ರೊಡೋಮ್‌ಗೆ, ವೃತ್ತಿಪರ ತಂಡಗಳ ಒಕ್ಕಲಾಗಿ ಹೋಯಿತು. ಕ್ಯಾಂಪಸ್ಸಿಗೆ ಮರಳಲು 2009 ಬೇಕಾಯಿತು. ಪೂರ್ವದ ಹಳೆಯ ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ಕೂಟವಾದ ಐವಿ ಲೀಗಿನ ಯೇಲ್, ಪ್ರಿನ್ಸ್‌ಟನ್, ಹಾರ್ವರ್ಡ್‌ಗಳು ಮಾತ್ರ ತಾವಾಗಿಯೇ ಎದ್ದು ಹೋದವು. ಕ್ರೀಡಾ ವಿದ್ಯಾರ್ಥಿವೇತನ ಕೊಡುವುದಿಲ್ಲವೆಂದು 1954ರಲ್ಲಿ ಒಪ್ಪಂದ ಮಾಡಿಕೊಂಡವು. ಶಿಕಾಗೊ ವಿಶ್ವವಿದ್ಯಾಲಯದ್ದು ಇನ್ನೂ ತೀಕ್ಷ್ಣ ನಿರ್ಧಾರ. ಅಲ್ಲಿನ ಜೇ ಬರ್ವಾಂಗರ್ 1935ರಲ್ಲಿ ಮೊಟ್ಟಮೊದಲ ಹೈಸ್‌ಮನ್ ಪಡೆದಿದ್ದ; ನಾಲ್ಕೇ ವರ್ಷಗಳಲ್ಲಿ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಫುಟ್‌ಬಾಲನ್ನೇ ರದ್ದುಮಾಡಿದರು. ಖಾಲಿ ಬಿದ್ದ ಆ ಕ್ರೀಡಾಂಗಣದ ಆಸನಗಳ ಅಡಿಯಲ್ಲೇ 1942ರ ಡಿಸೆಂಬರಿನಲ್ಲಿ ಮನುಷ್ಯ ನಿರ್ಮಿತ ಮೊದಲ ಪರಮಾಣು ಸರಪಳಿ ಕ್ರಿಯೆ ನಡೆಯಿತು. ವಿಶ್ವವಿದ್ಯಾಲಯಕ್ಕೆ ಅದರಿಂದ ನಷ್ಟವಾಯಿತೆಂದು ಹೇಳುವುದು ಕಷ್ಟ.

ಈ ಪಟ್ಟಿಯ ವೈಭವವನ್ನು ಹಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಇನ್ನೊಂದು ಅಧ್ಯಾಯವಿದೆ. ಮನೆತನಗಳು ರೂಪುಗೊಂಡ ಆ ಅರ್ಧ ಶತಮಾನದಲ್ಲಿ ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಕಪ್ಪು ಆಟಗಾರರಿಗೆ ಜಾಗವೇ ಇರಲಿಲ್ಲ. ಅಲಬಾಮಾ ಇರುವ ಎಸ್.ಇ.ಸಿ. ಒಕ್ಕೂಟದಲ್ಲಿ ಮೊದಲ ಕಪ್ಪು ಆಟಗಾರ, ಕೆಂಟಕಿಯ ನೇಟ್ ನಾರ್ಥಿಂಗ್ಟನ್, ಅಂಗಳಕ್ಕಿಳಿದದ್ದು 1967ರಲ್ಲಿ. 1969ರ ಚಾಂಪಿಯನ್ ಟೆಕ್ಸಸ್ ಬಿಳಿಯರಷ್ಟೇ ಇದ್ದ ಕೊನೆಯ ಚಾಂಪಿಯನ್ ತಂಡ. 1970ರ ಸೆಪ್ಟೆಂಬರಿನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾದ ಸ್ಯಾಮ್ ಕನಿಂಗ್‌ಹ್ಯಾಮ್ ಬರ್ಮಿಂಗ್‌ಹ್ಯಾಮಿಗೆ ಬಂದು ಅಲಬಾಮಾವನ್ನು 42-21ರಿಂದ ಕೆಡವಿದ ಮೇಲೆ ದಕ್ಷಿಣದ ಕಣ್ಣು ತೆರೆಯಿತೆಂಬ ಕಥೆ ಜನಪ್ರಿಯ. ಆದರೆ ಅಲಬಾಮಾದ ತರಬೇತುದಾರ ಬೇರ್ ಬ್ರಯಂಟ್ ಅದಕ್ಕೂ ಮೊದಲೇ ವಿಲ್ಬರ್ ಜ್ಯಾಕ್ಸನ್ ಎಂಬ ಕಪ್ಪು ಆಟಗಾರನಿಗೆ ವಿದ್ಯಾರ್ಥಿವೇತನ ಕೊಟ್ಟಾಗಿತ್ತು. ಇದೇ ವರ್ಷಗಳಲ್ಲಿ ಲೂಯಿಸಿಯಾನಾದ ಗ್ರ್ಯಾಂಬ್ಲಿಂಗ್ ಎಂಬ ಕಪ್ಪು ವಿದ್ಯಾರ್ಥಿಗಳ ಕಾಲೇಜಿನಲ್ಲಿ ತರಬೇತುದಾರ ಎಡ್ಡಿ ರಾಬಿನ್ಸನ್ ವೃತ್ತಿಪರ ಲೀಗಿಗೆ ಸಾಲುಸಾಲಾಗಿ ಆಟಗಾರರನ್ನು ಕಳಿಸುತ್ತಿದ್ದರು. 1997ರಲ್ಲಿ ನಿವೃತ್ತರಾಗುವಾಗ ಅವರ ಗೆಲುವು 408. ದೊಡ್ಡ ವಿಶ್ವವಿದ್ಯಾಲಯಗಳು ಬಾಗಿಲು ತೆರೆದಾಗ ಗ್ರ್ಯಾಂಬ್ಲಿಂಗಿನ ಆಟಗಾರರು ಅತ್ತ ಹರಿದರು, ಗ್ರ್ಯಾಂಬ್ಲಿಂಗಿನ ಹೆಸರು ಮಾತ್ರ ಯಾವ ಹಿರಿಯರ ಪಟ್ಟಿಗೂ ಬರಲಿಲ್ಲ. ಪರಂಪರೆಯ ಲೆಕ್ಕ ಎಂದೂ ಎಲ್ಲರಿಗೂ ತೆರೆದ ಅಂಗಳದಲ್ಲಿ ನಡೆದದ್ದಲ್ಲ.

ಒಮ್ಮೆ ರೂಪುಗೊಂಡ ಪಟ್ಟಿ ಗಟ್ಟಿಯಾದದ್ದು ಮತಪತ್ರದಿಂದ ಮತ್ತು ಟಿವಿಯಿಂದ. ಋತು ಆರಂಭವಾಗುವ ಮೊದಲೇ ಶ್ರೇಯಾಂಕ ಪ್ರಕಟಿಸುವ ಪದ್ಧತಿ 1950ರಲ್ಲಿ ಬಂತು. ಒಂದು ಪಂದ್ಯವನ್ನೂ ಆಡದ ತಂಡಕ್ಕೆ ಅಂಕ ಕೊಡುವ ಪತ್ರಕರ್ತನ ಕೈಯಲ್ಲಿ ಹಳೆಯ ಹೆಸರನ್ನು ಬಿಟ್ಟರೆ ಬೇರೆ ಆಧಾರ ಅಷ್ಟಾಗಿ ಇರುವುದಿಲ್ಲ. ಹೀಗೆ ಮೇಲೆ ಆರಂಭಿಸಿದವನು ಒಂದು ಸೋತರೂ ಮೇಲೇ ಉಳಿಯುತ್ತಾನೆ, ಕೆಳಗಿನವನು ಎಲ್ಲ ಗೆದ್ದರೂ ಏರಲು ಸಮಯ ಸಾಲುವುದಿಲ್ಲ. ಟಿವಿಯ ವಿಷಯದಲ್ಲಿ ಎನ್.ಸಿ.ಎ.ಎ. 1950ರ ದಶಕದಿಂದ ವಾರಕ್ಕೆ ಬೆರಳೆಣಿಕೆಯ ಪಂದ್ಯಗಳ ಪ್ರಸಾರಕ್ಕಷ್ಟೇ ಅವಕಾಶ ಕೊಟ್ಟಿತ್ತು. ದೊಡ್ಡವರು ಪರದೆಯನ್ನು ಪೂರ್ತಿ ಆವರಿಸದಂತೆ ತಡೆಯುವುದು ಅದರ ಒಂದು ಪರಿಣಾಮವಾಗಿತ್ತು. ಒಕ್ಲಹೋಮಾ ಮತ್ತು ಜಾರ್ಜಿಯಾಗಳು ಹೂಡಿದ ಮೊಕದ್ದಮೆಯಲ್ಲಿ 1984ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆ ಏಕಸ್ವಾಮ್ಯವನ್ನು ಹೊಡೆದುಹಾಕಿತು. ಹೆಸರನ್ನು ಹಣವಾಗಿಸುವ ದಾರಿ ಅಲ್ಲಿಂದ ಸಲೀಸಾಯಿತು. 1991ರ ಋತುವಿನಿಂದ ನೋಟರ್ ಡೇಮ್ ತನ್ನ ಸ್ವಂತ ಅಂಗಳದ ಪಂದ್ಯಗಳನ್ನು ಎನ್‌ಬಿಸಿ ವಾಹಿನಿಗೆ ಒಂಟಿಯಾಗಿಯೇ ಮಾರಿಕೊಂಡಿತು. 2023ರಲ್ಲಿ ಆರಂಭವಾದ ಬಿಗ್ ಟೆನ್ ಒಕ್ಕೂಟದ ಏಳು ವರ್ಷಗಳ ಒಪ್ಪಂದ 700 ಕೋಟಿ ಡಾಲರಿಗೂ ಹೆಚ್ಚಿನದು.

ಸಮಾನತೆಗೆ ಎನ್.ಸಿ.ಎ.ಎ. ಮಾಡಿದ ಒಂದು ದೊಡ್ಡ ಪ್ರಯತ್ನವೆಂದರೆ ವಿದ್ಯಾರ್ಥಿವೇತನದ ಮಿತಿ: 1973ರಲ್ಲಿ 105, 1978ರಲ್ಲಿ 95, 1990ರ ದಶಕದಲ್ಲಿ 85. ಎದುರಾಳಿಗೆ ಸಿಗದಿರಲೆಂದೇ ಆಟಗಾರರನ್ನು ಕೂಡಿಟ್ಟುಕೊಳ್ಳುವುದು ಅದರಿಂದ ನಿಂತಿತು. ಫ್ಲಾರಿಡಾದ ಜನಸಂಖ್ಯೆ ಹಿಗ್ಗುತ್ತಿದ್ದ ಅದೇ ಕಾಲದಲ್ಲಿ ಮಯಾಮಿ ಮತ್ತು ಫ್ಲಾರಿಡಾ ಸ್ಟೇಟ್ ಮೇಲೆದ್ದವು. ಫ್ಲಾರಿಡಾ ಸ್ಟೇಟ್ 1947ರವರೆಗೆ ಮಹಿಳಾ ಕಾಲೇಜಾಗಿತ್ತು; ತರಬೇತುದಾರ ಬಾಬಿ ಬೌಡನ್ ಅದನ್ನು 1987ರಿಂದ 2000ದವರೆಗೆ ಸತತ 14 ಋತು ದೇಶದ ಮೊದಲ ಐದರೊಳಗೆ ಇರಿಸಿದರು, ಇದು ಆ ಎಂಟರಲ್ಲಿ ಯಾರೂ ಮಾಡದ ಸಾಧನೆ. ಆದರೂ ಎರಡೂ ತಂಡಗಳು ಹೊರಗೇ ಉಳಿದಿವೆ. ಮಯಾಮಿಯ ಪಾಲಿಗೆ ನೆಲೆಯ ಪ್ರಶ್ನೆಯೂ ಇದೆ: ಅದು ಆಡುತ್ತಿದ್ದ ಆರೆಂಜ್ ಬೌಲ್ ಕ್ರೀಡಾಂಗಣವನ್ನು 2008ರಲ್ಲಿ ಕೆಡವಲಾಯಿತು, ಈಗ ಕ್ಯಾಂಪಸ್ಸಿನಿಂದ ಬಹಳ ದೂರದ ವೃತ್ತಿಪರ ತಂಡದ ಅಂಗಳದಲ್ಲಿ ಆಡುತ್ತದೆ, ಸೋಲುವ ವರ್ಷಗಳಲ್ಲಿ ಅಲ್ಲಿನ ಖಾಲಿ ಆಸನಗಳನ್ನು ಎಲ್ಲರೂ ನೋಡಿದ್ದಾರೆ. ಹಣವೊಂದರಿಂದಲೇ ಈ ಬಾಗಿಲು ತೆರೆಯುವುದಿಲ್ಲ ಎಂಬುದಕ್ಕೆ ಟೆಕ್ಸಸ್ ಎ ಆ್ಯಂಡ್ ಎಂ ಸಾಕ್ಷಿ. ಲಕ್ಷ ಮೀರಿದ ಆಸನಗಳಿದ್ದರೂ, ನಿಷ್ಠೆಯ ಜನ ಮತ್ತು ತೈಲದ ಹಣವಿದ್ದರೂ ಅದು ಕೊನೆಯದಾಗಿ ರಾಷ್ಟ್ರೀಯ ಚಾಂಪಿಯನ್ ಆದದ್ದು 1939ರಲ್ಲಿ. 2023ರಲ್ಲಿ ಒಬ್ಬ ತರಬೇತುದಾರನನ್ನು ಮನೆಗೆ ಕಳಿಸಲು ಅದು 7.5 ಕೋಟಿ ಡಾಲರಿಗೂ ಹೆಚ್ಚು ತೆರಬೇಕಾಯಿತು. ನೈಕಿ ಸಂಸ್ಥಾಪಕ ಫಿಲ್ ನೈಟ್ ಬೆನ್ನಿಗಿರುವ ಆರಿಗನ್ ಇನ್ನೂ ಮೊದಲ ಪಟ್ಟಕ್ಕಾಗಿ ಕಾಯುತ್ತಿದೆ.

ಈಗ ಬದಲಾಗಿರುವುದು ಪಟ್ಟಿಯಲ್ಲ, ಪಟ್ಟಿಯಿಂದ ಸಿಗುವ ಲಾಭ. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ ಒಮ್ಮತದ ತೀರ್ಪೊಂದು ಎನ್.ಸಿ.ಎ.ಎ.ಯ ಹವ್ಯಾಸಿ ಆಟದ ಸಮರ್ಥನೆಗಳನ್ನು ಸಡಿಲಗೊಳಿಸಿತು, ಜುಲೈನಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯತೊಡಗಿದರು. ಅದೇ ವರ್ಷ, ವಿಶ್ವವಿದ್ಯಾಲಯ ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕೆಂಬ ನಿಯಮ ಮೊದಲ ವರ್ಗಾವಣೆಯ ಮಟ್ಟಿಗೆ ಹೋಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳು ವರ್ಷಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ಕ್ರೀಡಾಪಟುಗಳಿಗೆ ನೇರವಾಗಿ ಹಂಚಬಹುದು. ಹಿಂದೆ ಒಂದು ಹಿರಿಯ ತಂಡ ಹದಿನೇಳರ ಹುಡುಗನಿಗೆ ಕೊಡಬಹುದಾಗಿದ್ದದ್ದು ವಿದ್ಯಾರ್ಥಿವೇತನದ ಜೊತೆಗೆ ಹೆಸರು, ಟಿವಿ ಪರದೆ ಮತ್ತು ಅವನ ತಂದೆಯೂ ಕೇಳಿದ್ದ ಕಥೆಗಳನ್ನು. ನಿಯಮದ ಪ್ರಕಾರ ಎಲ್ಲರ ಸಂಬಳ ಸೊನ್ನೆಯಾಗಿದ್ದಾಗ ಆ ಹೆಸರೇ ಸಂಬಳವಾಗಿತ್ತು. ನಿಜವಾದ ಸಂಬಳ ಬಂದ ಮೇಲೆ ಇಂಡಿಯಾನಾ ಹದಿನೇಳರ ಹುಡುಗರನ್ನೇ ನೆಚ್ಚಿ ಕೂರಲಿಲ್ಲ. ಸಿಗ್ನೆಟ್ಟಿ ತಾವು ಹಿಂದೆ ನಡೆಸುತ್ತಿದ್ದ ಜೇಮ್ಸ್ ಮ್ಯಾಡಿಸನ್ ತಂಡದ ಅನುಭವಿ ಆಟಗಾರರನ್ನು ಜೊತೆಗೆ ಕರೆತಂದರು, ಮೆಂಡೋಸಾರನ್ನು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಸೆಳೆದರು. 2026ರ ಹೊಸ ವರ್ಷದ ದಿನ ರೋಸ್ ಬೌಲ್‌ನಲ್ಲಿ ಆ ತಂಡ ಅಲಬಾಮಾವನ್ನು 38-3ರಿಂದ ಸೋಲಿಸಿತು.

ಇಂಡಿಯಾನಾ ಮುಂದಿನ ಹತ್ತು ವರ್ಷ ಹೀಗೆಯೇ ಗೆದ್ದರೂ ಹಿರಿಯರ ಪಟ್ಟಿಗೆ ಸೇರುತ್ತದೆಂದು ನನಗೆ ಅನಿಸುವುದಿಲ್ಲ, ಏಕೆಂದರೆ ನೆನಪು ಕೂಡಿಕೊಳ್ಳಲು ಆಟಗಾರನೂ ತರಬೇತುದಾರನೂ ಒಂದೆಡೆ ನಿಲ್ಲಬೇಕು, ಎದುರಾಳಿ ಪ್ರತಿ ವರ್ಷ ಅವನೇ ಆಗಿರಬೇಕು. ಈಗ ಎರಡೂ ಇಲ್ಲ. ಸದರ್ನ್ ಕ್ಯಾಲಿಫೋರ್ನಿಯಾ ಟಿವಿ ಹಣಕ್ಕಾಗಿ 2024ರಲ್ಲಿ ಬಿಗ್ ಟೆನ್ ಸೇರಿತು; ಅದು ಬಿಟ್ಟುಬಂದ ಪೆಸಿಫಿಕ್ ತೀರದ ಒಕ್ಕೂಟದಲ್ಲಿ ಎರಡೇ ತಂಡಗಳು ಉಳಿದವು. ಅದೇ ವರ್ಷ ಟೆಕ್ಸಸ್ ಮತ್ತು ಒಕ್ಲಹೋಮಾ ಎಸ್.ಇ.ಸಿ.ಗೆ ಹೋದವು.

ಹಳೆಯ ಹೆಸರಿಗೆ ತಾನಾಗಿ ಸಿಗುತ್ತಿದ್ದ ರಿಯಾಯಿತಿಯೂ ಕರಗುತ್ತಿದೆ. ಮತದಾನದ ಬದಲು ಈಗ ಚಾಂಪಿಯನ್ ಯಾರೆಂದು ತೀರ್ಮಾನಿಸುವ, ನಾಲ್ಕು ತಂಡಗಳಿದ್ದ ಪ್ಲೇಆಫ್ ಪಂದ್ಯಾವಳಿ 2024ರಲ್ಲಿ ಹನ್ನೆರಡಕ್ಕೆ ಹಿಗ್ಗಿದಾಗ ಹೆಚ್ಚಿನ ಲಾಭ ದೊಡ್ಡವರಿಗೇ ಎಂದು ಎಲ್ಲರೂ ಎಣಿಸಿದ್ದರು. ಮೊದಲ ವರ್ಷ ಒಹಾಯೊ ಸ್ಟೇಟ್ ಮತ್ತು ನೋಟರ್ ಡೇಮ್ ಫೈನಲ್ ಆಡಿದಾಗ ಹಾಗೆಯೇ ಕಂಡಿತು. 2025ರ ಡಿಸೆಂಬರಿನಲ್ಲಿ ಮಾತ್ರ, 12ರಲ್ಲಿ 10 ಗೆದ್ದಿದ್ದ ನೋಟರ್ ಡೇಮ್ ಅನ್ನು ಆಯ್ಕೆ ಸಮಿತಿ ಹೊರಗಿಟ್ಟು, ಋತುವಿನ ಮೊದಲ ಪಂದ್ಯದಲ್ಲಿ ಅದನ್ನು ಸೋಲಿಸಿದ್ದ ಮಯಾಮಿಗೆ ಸ್ಥಾನ ಕೊಟ್ಟಿತು. ಸಿಟ್ಟಿಗೆದ್ದ ನೋಟರ್ ಡೇಮ್ ಋತುವಿನ ಕೊನೆಗೆ ಆಹ್ವಾನದ ಮೇಲೆ ನಡೆಯುವ ಬೇರೆ ಬೌಲ್ ಪಂದ್ಯವನ್ನೂ ಆಡದೆ ಋತುವನ್ನು ಮುಗಿಸಿತು. 2026ರಿಂದ ಜಾರಿಗೆ ಬರುವ ಒಡಂಬಡಿಕೆಯೊಂದರಲ್ಲಿ, ಅಂತಿಮ ಶ್ರೇಯಾಂಕದ ಮೊದಲ ಹನ್ನೆರಡರೊಳಗೆ ಬಂದರೆ ತನಗೆ ಸ್ಥಾನ ಖಚಿತ ಎಂಬ ಷರತ್ತನ್ನು ಅದು ಮೊದಲೇ ಬರೆಸಿಕೊಂಡಿದೆ. ಬಿಗ್ ಟೆನ್ ಒಕ್ಕೂಟವೂ ತನಗೆ ಮತ್ತು ಎಸ್.ಇ.ಸಿ.ಗೆ ತಲಾ ನಾಲ್ಕು ಸ್ಥಾನಗಳನ್ನು ಗೆಲುವು ಸೋಲಿನ ಚರ್ಚೆಗೆ ಮುನ್ನವೇ ಮೀಸಲಿಡಬೇಕೆಂದು ಮಾತುಕತೆಯ ಮೇಜಿನ ಮೇಲೆ ಬೇಡಿಕೆ ಇಟ್ಟಿತ್ತು. ಹಿಂದೆ ಮತದಾರ ಪತ್ರಕರ್ತರು ಕೇಳದೆಯೇ ಕೊಡುತ್ತಿದ್ದ ಮರ್ಯಾದೆಯನ್ನು ಹಿರಿಯ ಮನೆತನಗಳು ಈಗ ವಕೀಲರ ಮೂಲಕ ಕರಾರಿನಲ್ಲಿ ನಮೂದಿಸಿಕೊಳ್ಳುತ್ತಿವೆ.